ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಅಷ್ಟಾಗಿ ಗೊತ್ತಿಲ್ಲದ ಆಟಗಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಅಂದರೆ ಈ ಆಟ ನೋಡುವವರಿಗೆ ನಾಲ್ಕೈದು ಹೆಸರು ನೆನಪಾಗುತ್ತವೆ. ಹೋನಸ್ ವ್ಯಾಗ್ನರ್, ರಾಬರ್ಟೊ ಕ್ಲೆಮೆಂಟೆ, ವಿಲ್ಲಿ ಸ್ಟಾರ್ಜೆಲ್, ಬಿಲ್ ಮ್ಯಾಜರೋಸ್ಕಿ. ಅವರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಈ ಪುಟ ಅವರ ಪಕ್ಕದಲ್ಲಿ ನಿಂತವರದ್ದು. ಒಂದೇ ದಿನ ಮಿಂಚಿದವರು, ಒಂದೇ ವರ್ಷ ಆಡಿದವರು, ಆಟ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿದವರು. ನನಗೆ ಇವರ ಕಥೆಗಳೇ ಜಾಸ್ತಿ ಇಷ್ಟ.

ನನಗೆ ಬೇಸ್‌ಬಾಲ್ ಗೊತ್ತಿಲ್ಲ. ಆದರೂ ಓದಬಹುದಾ?

ಧಾರಾಳವಾಗಿ. ಇಷ್ಟು ತಿಳಿದಿದ್ದರೆ ಸಾಕು. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲಿ ಎರಡೂ ತಂಡಗಳಿಗೆ ಮೂರು ಮೂರು ಔಟ್. ಚೆಂಡು ಎಸೆಯುವವನು ಪಿಚರ್, ಅದನ್ನು ಬ್ಯಾಟರ್‌ನ ಹಿಂದೆ ಕೂತು ಹಿಡಿಯುವವನು ಕ್ಯಾಚರ್. ಮೈದಾನದ ನಾಲ್ಕು ಮೂಲೆಯ ಗುರುತುಗಳೇ ಬೇಸ್. ನಾಲ್ಕನ್ನೂ ಸುತ್ತಿ ಬಂದರೆ ಒಂದು ರನ್. ಬ್ಯಾಟರ್ ಹೊಡೆದು ಸುರಕ್ಷಿತವಾಗಿ ಬೇಸ್ ಮುಟ್ಟಿದರೆ ಹಿಟ್. ಒಂದೇ ಹೊಡೆತಕ್ಕೆ ಮೂರನೇ ಬೇಸ್ ತನಕ ಓಡಿದರೆ ಟ್ರಿಪಲ್. ಬೇಲಿ ದಾಟಿಸಿದರೆ ಹೋಮ್ ರನ್. ಪಿಚರ್ ನಾಲ್ಕು ಸಲ ಗುರಿ ತಪ್ಪಿ ಹೊರಗೆ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ. ಅದನ್ನು ವಾಕ್ ಅನ್ನುತ್ತಾರೆ. ಮೇಜರ್ ಲೀಗ್ ಮೇಲಿನ ಹಂತ, ಮೈನರ್ ಲೀಗ್ ಅಲ್ಲಿಗೆ ಹೋಗುವ ಏಣಿ. ಬಹಳಷ್ಟು ಮಂದಿ ಏಣಿಯ ಮೇಲೇ ವಯಸ್ಸು ಕಳೆಯುತ್ತಾರೆ.

ಪೈರೇಟ್ಸ್‌ಗೆ ಇಬ್ಬರು ಭಾರತೀಯ ಹುಡುಗರು ಸೇರಿದ್ದರಲ್ಲ, ಅವರೇನಾದರು?

ನಮ್ಮವರು ಮೊದಲು ಕೇಳುವುದೇ ಇದು. ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಇಬ್ಬರೂ ಉತ್ತರ ಪ್ರದೇಶದವರು. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ಜೆ. ಬಿ. ಬರ್ನ್‌ಸ್ಟೈನ್ ಎಂಬ ಅಮೆರಿಕದ ಏಜೆಂಟ್ ಭಾರತದಲ್ಲಿ ಒಂದು ಟಿವಿ ಸ್ಪರ್ಧೆ ನಡೆಸಿದ. ವೇಗವಾಗಿ, ಗುರಿ ತಪ್ಪದೆ ಎಸೆಯುವವನು ಯಾರು ಅಂತ ಹುಡುಕುವ ಸ್ಪರ್ಧೆ ಅದು. 2008ರಲ್ಲಿ ರಿಂಕು ಗೆದ್ದ. ಬಹುಮಾನ ಒಂದು ಲಕ್ಷ ಡಾಲರ್. ಅವನ ಎಸೆತದ ವೇಗ ಗಂಟೆಗೆ ಸುಮಾರು 140 ಕಿಲೋಮೀಟರ್. ಅಲ್ಲಿಯವರೆಗೆ ಇಬ್ಬರೂ ಬೇಸ್‌ಬಾಲ್ ಆಡಿದವರೇ ಅಲ್ಲ!

ಅಲ್ಲಿಂದ ಲಾಸ್ ಏಂಜಲೀಸ್. ಟಾಮ್ ಹೌಸ್ ಎಂಬ ಹಳೆಯ ಪಿಚರ್ ಇಬ್ಬರಿಗೂ ತರಬೇತಿ ಕೊಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ ಪೈರೇಟ್ಸ್ ಇಬ್ಬರನ್ನೂ ಸೇರಿಸಿಕೊಂಡಿತು. ಅಮೆರಿಕದ ಮೇಜರ್ ಲೀಗ್ ತಂಡವೊಂದು ಒಪ್ಪಂದ ಮಾಡಿಕೊಂಡ ಮೊದಲ ಭಾರತೀಯರು ಇವರು. 2009ರ ಜುಲೈನಲ್ಲಿ ಫ್ಲಾರಿಡಾದ ಬ್ರೇಡೆಂಟನ್‌ನಲ್ಲಿ, ಏಣಿಯ ಕೆಳಗಿನ ಮೆಟ್ಟಿಲಿನ ಲೀಗ್‌ನಲ್ಲಿ, ಆಟ ಶುರು ಮಾಡಿದರು. ಅದೇ ತಿಂಗಳು ರಿಂಕು ಖಾತೆಗೆ ಒಂದು ಗೆಲುವೂ ಬಂತು. (ತಂಡ ಗೆದ್ದಾಗ ಆ ಗೆಲುವನ್ನು ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ.)

ದಿನೇಶ್‌ನನ್ನು 2010ರ ಕೊನೆಗೆ ತಂಡ ಬಿಟ್ಟುಕೊಟ್ಟಿತು. ಅವನು ಊರಿಗೆ ಮರಳಿದ. ರಿಂಕು ಇನ್ನೂ ಸ್ವಲ್ಪ ಮೇಲೆ ಹತ್ತಿ, 2011ರಲ್ಲಿ ವೆಸ್ಟ್ ವರ್ಜೀನಿಯಾದ ತಂಡದ ತನಕ ಹೋದ. ಆಮೇಲೆ ಮೊಣಕೈ ಕೈಕೊಟ್ಟಿತು. 2013ರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮೇಜರ್ ಲೀಗ್ ಮೈದಾನಕ್ಕೆ ಇಬ್ಬರೂ ಇಳಿಯಲೇ ಇಲ್ಲ. ಇವರ ಕಥೆಯ ಮೇಲೆ 2014ರಲ್ಲಿ ಬಂದ ಡಿಸ್ನಿ ಸಿನಿಮಾ ನೋಡಿದವರು ಇಲ್ಲಿಗೆ ಬಂದು ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಮೈನರ್ ಲೀಗ್ ಸೇರಿದವರಲ್ಲಿ ಹೆಚ್ಚಿನವರು ಮೇಲೆ ತಲುಪುವುದಿಲ್ಲ. ಹುಟ್ಟಿದಾಗಿನಿಂದ ಆಡಿದವರಿಗೇ ಆಗದ್ದು ಇವರಿಗೆ ಎರಡು ಮೂರು ವರ್ಷದಲ್ಲಿ ಆಗಬೇಕಿತ್ತು ಅನ್ನುವುದು ನ್ಯಾಯವಲ್ಲ.

ರಿಂಕು ಆಮೇಲೆ ಕುಸ್ತಿಗೆ ಹೋದ. 2018ರಲ್ಲಿ ಡಬ್ಲ್ಯೂಡಬ್ಲ್ಯೂಇ ಸೇರಿ, ವೀರ್ ಮಹಾನ್ ಎಂಬ ಹೆಸರಿನಲ್ಲಿ ಕಾಣಿಸಿಕೊಂಡ. ಕೋಲ್ಕತ್ತಾ ನೈಟ್ ರೈಡರ್ಸ್‌ನಲ್ಲಿ ಕೊನೆ ಓವರ್‌ಗೆ ಐದು ಸಿಕ್ಸರ್ ಹೊಡೆದ ರಿಂಕು ಸಿಂಗ್ ಬೇರೆ, ಈ ರಿಂಕು ಬೇರೆ. ಕ್ರಿಕೆಟ್‌ನ ರಿಂಕು ಅಲೀಗಢದವನು.

ತಂಡಕ್ಕೆ ಕಡಲ್ಗಳ್ಳರು ಅಂತ ಯಾಕೆ ಹೆಸರು? ಪಿಟ್ಸ್‌ಬರ್ಗ್‌ನಲ್ಲಿ ಸಮುದ್ರವೇ ಇಲ್ಲವಲ್ಲ?

ಇದಕ್ಕೆ ಕಾರಣ ಲೂ ಬಿಯರ್‌ಬಾವರ್ ಎಂಬ ಸೆಕೆಂಡ್ ಬೇಸ್ ಆಟಗಾರ. 1890ರಲ್ಲಿ ಆಟಗಾರರೇ ಸೇರಿ ಒಂದು ಪ್ರತ್ಯೇಕ ಲೀಗ್ ಕಟ್ಟಿದ್ದರು. ಒಂದೇ ವರ್ಷಕ್ಕೆ ಅದು ಮುಚ್ಚಿತು. ಎಲ್ಲರೂ ಹಳೆಯ ತಂಡಕ್ಕೆ ವಾಪಸು ಹೋಗಬೇಕು ಅಂತ ಮಾತಾಯಿತು. ಬಿಯರ್‌ಬಾವರ್ ಹಳೆಯ ತಂಡ ಫಿಲಡೆಲ್ಫಿಯಾದ್ದು. ಅವರು ಆತನ ಹೆಸರನ್ನು ಪಟ್ಟಿಗೆ ಸೇರಿಸುವುದನ್ನೇ ಬಿಟ್ಟಿದ್ದರು. ಪಿಟ್ಸ್‌ಬರ್ಗ್‌ನವರು ಸುಮ್ನೆ ಇರ್ತಾರಾ? ಅವರ ತಂಡದ ನೆಡ್ ಹ್ಯಾನ್ಲನ್ ಚಳಿಗಾಲದಲ್ಲಿ ಬಿಯರ್‌ಬಾವರ್ ಊರಾದ ಈರಿಗೇ ಹೋಗಿ ಸಹಿ ಹಾಕಿಸಿಕೊಂಡು ಬಂದರು. ಫಿಲಡೆಲ್ಫಿಯಾದವರು ಇದು ಕಡಲ್ಗಳ್ಳತನ ಅಂತ ಕೂಗಾಡಿದರು. ಪಿಟ್ಸ್‌ಬರ್ಗ್ ಬೈಗುಳವನ್ನೇ ಹೆಸರು ಮಾಡಿಕೊಂಡಿತು. 1891ರಿಂದ ಅದೇ ಹೆಸರು. ಹೆಸರಿಗೆ ಕಾರಣನಾದವನ ಹೆಸರು ಮಾತ್ರ ಊರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ.

ಯಾರೂ ಮುರಿಯದ ದಾಖಲೆ ಯಾವುದಾದರೂ ಇದೆಯಾ?

ಓವನ್ ವಿಲ್ಸನ್ ಅವರದ್ದು. 1912ರ ಒಂದೇ ಸೀಸನ್‌ನಲ್ಲಿ 36 ಟ್ರಿಪಲ್. ನೂರು ವರ್ಷ ದಾಟಿದರೂ ಯಾರೂ ಹತ್ತಿರ ಬಂದಿಲ್ಲ. ವಿಲ್ಸನ್ ಕೂಡ ಬೇರೆ ಯಾವ ವರ್ಷವೂ ಅದರ ಅರ್ಧ ಹೊಡೆಯಲಿಲ್ಲ. ಆಗಿನ ಫೋರ್ಬ್ಸ್ ಫೀಲ್ಡ್ ಮೈದಾನದ ಬೇಲಿಗಳು ತುಂಬಾ ದೂರ ಇದ್ದವು. ಚೆಂಡು ಬೇಲಿ ದಾಟುತ್ತಿರಲಿಲ್ಲ, ಉರುಳುತ್ತಾ ಹೋಗುತ್ತಿತ್ತು. ಆದರೆ ಅದೇ ಮೈದಾನದಲ್ಲಿ ಎಷ್ಟೋ ಜನ ಆಡಿದ್ದಾರಲ್ಲ. ಹಾಗಾಗಿ ಮೈದಾನವೊಂದೇ ಕಾರಣ ಅನ್ನುವಂತಿಲ್ಲ. ಈಗಿನ ಚಿಕ್ಕ ಮೈದಾನಗಳಲ್ಲಿ ಇದು ಮುರಿಯುವ ಮಾತೇ ಇಲ್ಲ ಅನ್ನುವುದು ನನ್ನ ಎಣಿಕೆ.

ಸತತ ಎಂಟು ಪಂದ್ಯ ಹೋಮ್ ರನ್ ಹೊಡೆದವರು ಯಾರು?

ಡೇಲ್ ಲಾಂಗ್, 1956ರ ಮೇ ತಿಂಗಳಲ್ಲಿ. ಎಂಟನೆಯದು ಬಿದ್ದಾಗ ಜನ ಚಪ್ಪಾಳೆ ನಿಲ್ಲಿಸಲಿಲ್ಲ. ಅವರು ಹೊರಗೆ ಬಂದು ಮುಖ ತೋರಿಸಬೇಕಾಯಿತು. ಆಮೇಲೆ 1987ರಲ್ಲಿ ಡಾನ್ ಮ್ಯಾಟಿಂಗ್ಲಿ, 1993ರಲ್ಲಿ ಕೆನ್ ಗ್ರಿಫಿ ಜೂನಿಯರ್ ಈ ದಾಖಲೆ ಸರಿಗಟ್ಟಿದರು. ದಾಟಿದವರು ಇನ್ನೂ ಇಲ್ಲ. ಲಾಂಗ್ ಅವರನ್ನು ಮಾತ್ರ 1957ರಲ್ಲೇ ಪೈರೇಟ್ಸ್ ಶಿಕಾಗೋಗೆ ಕೊಟ್ಟುಬಿಟ್ಟಿತು.

ಹಾರ್ವಿ ಹ್ಯಾಡಿಕ್ಸ್ ಅಷ್ಟು ಚೆನ್ನಾಗಿ ಎಸೆದೂ ಸೋತದ್ದು ಹೇಗೆ?

1959ರ ಮೇ 26, ಮಿಲ್ವಾಕಿ. ಪೈರೇಟ್ಸ್ ಪಿಚರ್ ಹ್ಯಾಡಿಕ್ಸ್‌ಗೆ ಆವತ್ತು ಮೈ ಸರಿ ಇರಲಿಲ್ಲ, ನೆಗಡಿ ಜ್ವರ. ಎದುರಿಗೆ ಹ್ಯಾಂಕ್ ಆ್ಯರನ್, ಎಡ್ಡಿ ಮ್ಯಾಥ್ಯೂಸ್ ಇದ್ದ ಬ್ರೇವ್ಸ್ ತಂಡ. ಒಂಬತ್ತು ಇನ್ನಿಂಗ್ಸ್‌ನಲ್ಲಿ 27 ಬ್ಯಾಟರ್‌ಗಳೂ ಔಟ್. ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಬೇರೆ ಯಾವ ದಿನವಾದರೂ ಅಲ್ಲಿಗೆ ಪಂದ್ಯ ಮುಗಿದು, ಅವರನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ಇದನ್ನು ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ತುಂಬಾ ಅಪರೂಪ.

ಆದರೆ ಪೈರೇಟ್ಸ್ ಕೂಡ ರನ್ ಮಾಡಿರಲಿಲ್ಲ. ಎದುರಾಳಿ ಪಿಚರ್ ಲೂ ಬರ್ಡೆಟ್ 12 ಹಿಟ್ ಕೊಟ್ಟರೂ ಒಂದೇ ಒಂದು ರನ್ ಬಿಡಲಿಲ್ಲ. ಪಂದ್ಯ ಮುಂದುವರಿಯಿತು. ಹತ್ತು, ಹನ್ನೊಂದು, ಹನ್ನೆರಡು. ಹ್ಯಾಡಿಕ್ಸ್ ಸತತ 36 ಬ್ಯಾಟರ್‌ಗಳನ್ನು ಔಟ್ ಮಾಡಿದರು. ಅದಕ್ಕೆ ಮೊದಲೂ ಆಮೇಲೂ ಒಂದೇ ಪಂದ್ಯದಲ್ಲಿ ಯಾರೂ ಹಾಗೆ ಮಾಡಿಲ್ಲ.

13ನೇ ಇನ್ನಿಂಗ್ಸ್‌ನಲ್ಲಿ ಥರ್ಡ್ ಬೇಸ್‌ನ ಡಾನ್ ಹೋಕ್ ಚೆಂಡನ್ನು ತಪ್ಪಾಗಿ ಎಸೆದರು. ಫೀಲಿಕ್ಸ್ ಮ್ಯಾಂಟಿಯಾ ಬೇಸ್ ಮುಟ್ಟಿದ. ಮ್ಯಾಥ್ಯೂಸ್ ತಾನು ಔಟಾಗಿ ಅವನನ್ನು ಮುಂದಕ್ಕೆ ತಳ್ಳಿದರು. ಆ್ಯರನ್‌ಗೆ ಬೇಕೆಂದೇ ವಾಕ್ ಕೊಟ್ಟರು. ಮುಂದೆ ಬಂದ ಜೋ ಆ್ಯಡ್‌ಕಾಕ್ ಚೆಂಡನ್ನು ಬೇಲಿ ದಾಟಿಸಿದರು. ಅಲ್ಲೂ ಒಂದು ತಮಾಷೆ. ಆ್ಯರನ್ ಪಂದ್ಯ ಮುಗಿಯಿತು ಅಂದುಕೊಂಡು ಓಟ ಬಿಟ್ಟು ಹೊರಗೆ ಹೋದರು. ಹಾಗಾಗಿ ಹೋಮ್ ರನ್ ಲೆಕ್ಕಕ್ಕೆ ಬರಲಿಲ್ಲ. ಸ್ಕೋರ್ 1-0 ಅಂತ ಬರೆಯಲಾಯಿತು.

1991ರಲ್ಲಿ ಮೇಜರ್ ಲೀಗ್ ನಿಯಮವನ್ನು ಬಿಗಿ ಮಾಡಿತು. ಪಂದ್ಯ ಮುಗಿಯುವ ತನಕ ಒಂದೂ ಹಿಟ್ ಇರಬಾರದು ಅಂತ. ಹ್ಯಾಡಿಕ್ಸ್ ಪಂದ್ಯ ಪಟ್ಟಿಯಿಂದಲೇ ಹೊರಗೆ ಹೋಯಿತು. ನಿಯಮ ನಿಯಮವೇ, ಸರಿ. ಆದರೂ 32 ವರ್ಷ ಆದ ಮೇಲೆ ಇದು ಬೇಕಿತ್ತಾ ಅನಿಸುತ್ತದೆ.

ಅವರ ವೃತ್ತಿ ಈ ಸೋಲಿಗೆ ಮುಗಿಯಲಿಲ್ಲ. 1960ರ ವರ್ಲ್ಡ್ ಸೀರೀಸ್‌ನ (ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಫೈನಲ್ ಸರಣಿ) ಏಳನೇ ಪಂದ್ಯದಲ್ಲಿ ಗೆದ್ದ ಪಿಚರ್ ಅಂತ ದಾಖಲಾಗಿರುವುದು ಇದೇ ಹ್ಯಾಡಿಕ್ಸ್. 1979ರಲ್ಲಿ ಪೈರೇಟ್ಸ್ ಮತ್ತೆ ಚಾಂಪಿಯನ್ ಆದಾಗ ಪಿಚಿಂಗ್ ಕೋಚ್ ಆಗಿದ್ದವರೂ ಅವರೇ. 1994ರಲ್ಲಿ ತೀರಿಕೊಂಡರು.

1960ರ ಫೈನಲ್ ಗೆಲ್ಲಿಸಿದ್ದು ಮ್ಯಾಜರೋಸ್ಕಿ ಅಲ್ವಾ? ಹಾಲ್ ಸ್ಮಿತ್ ಯಾರು?

ಗೆಲ್ಲಿಸಿದ ಹೊಡೆತ ಮ್ಯಾಜರೋಸ್ಕಿಯದ್ದೇ. ಆದರೆ ಆ ಹೊಡೆತಕ್ಕೆ ಅವಕಾಶ ಮಾಡಿಕೊಟ್ಟದ್ದು ಹಾಲ್ ಸ್ಮಿತ್. ಅವರು ಎರಡನೇ ಕ್ಯಾಚರ್. ಮೊದಲ ಕ್ಯಾಚರ್ ಸ್ಮೋಕಿ ಬರ್ಜೆಸ್ ಅವರನ್ನು ಹೊರಗೆ ಕರೆಸಿದ್ದಕ್ಕೆ ಸ್ಮಿತ್ ಒಳಗೆ ಬಂದಿದ್ದರು.

ಅಕ್ಟೋಬರ್ 13, ಫೋರ್ಬ್ಸ್ ಫೀಲ್ಡ್. ಎಂಟನೇ ಇನ್ನಿಂಗ್ಸ್‌ನಲ್ಲಿ ಪೈರೇಟ್ಸ್ ಬ್ಯಾಟಿಂಗ್ ಶುರುವಾದಾಗ ನ್ಯೂಯಾರ್ಕ್ ಯಾಂಕೀಸ್ 7-4ರಿಂದ ಮುಂದೆ. ಬಿಲ್ ವರ್ಡನ್ ಹೊಡೆದ ಸಾಮಾನ್ಯ ಚೆಂಡೊಂದು ನೆಲಕ್ಕೆ ಬಡಿದು ಚಿಮ್ಮಿ ಯಾಂಕೀಸ್‌ನ ಟೋನಿ ಕ್ಯೂಬೆಕ್‌ನ ಗಂಟಲಿಗೆ ಬಿತ್ತು. ಎರಡು ಔಟ್ ಆಗಬೇಕಿದ್ದ ಕಡೆ ಒಂದೂ ಆಗಲಿಲ್ಲ. ಅಂತರ 7-6ಕ್ಕೆ ಇಳಿಯಿತು. ಆಗ ಸ್ಮಿತ್ ಮೂರು ರನ್‌ನ ಹೋಮ್ ರನ್ ಹೊಡೆದರು. 9-7. ಇನ್ನೊಂದು ಇನ್ನಿಂಗ್ಸ್ ತಡೆದರೆ ಊರಿಗೆ ಊರೇ ಸ್ಮಿತ್‌ಗೆ ಪ್ರತಿಮೆ ನಿಲ್ಲಿಸುತ್ತಿತ್ತು. ಆದರೆ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಯಾಂಕೀಸ್ 9-9 ಮಾಡಿತು. ಮ್ಯಾಜರೋಸ್ಕಿ ಬಂದರು, ಹೊಡೆದರು, 10-9. ಪ್ರತಿಮೆ ಅವರದ್ದಾಯಿತು.

ಪಂದ್ಯದ ಮೇಲೆ ಯಾವ ಹೊಡೆತದ ಪರಿಣಾಮ ಎಷ್ಟು ಅಂತ ಅಂಕಿಅಂಶ ಹಾಕುವವರು ಇದ್ದಾರೆ. ಅವರ ಲೆಕ್ಕದಲ್ಲಿ ಸ್ಮಿತ್ ಹೊಡೆತ ಮ್ಯಾಜರೋಸ್ಕಿಯದಕ್ಕಿಂತ ದೊಡ್ಡದು. ಆದರೆ ನೆನಪು ಲೆಕ್ಕದ ಪ್ರಕಾರ ಉಳಿಯುವುದಿಲ್ಲವಲ್ಲ. ಸ್ಮಿತ್ ಆಮೇಲೆ ಹ್ಯೂಸ್ಟನ್‌ನ ಹೊಸ ತಂಡಕ್ಕೆ, ಕೊನೆಗೆ ಸಿನ್ಸಿನಾಟಿಗೆ ಹೋಗಿ 1964ರಲ್ಲಿ ಆಟ ಮುಗಿಸಿದರು. ಗಿಟಾರ್ ನುಡಿಸುತ್ತಿದ್ದರು, ಹಾಡು ಕಟ್ಟುತ್ತಿದ್ದರು. 2020ರಲ್ಲಿ ತೀರಿಕೊಂಡರು.

ಈ ಪಂದ್ಯವನ್ನು ಈಗ ಪೂರ್ತಿ ನೋಡಲು ಸಾಧ್ಯವಾಗಿರುವುದಕ್ಕೆ ಗಾಯಕ ಬಿಂಗ್ ಕ್ರಾಸ್ಬಿ ಕಾರಣ. ಅವರು ತಂಡದ ಪಾಲುದಾರರಲ್ಲಿ ಒಬ್ಬರು. ಪಂದ್ಯ ನೋಡಲು ಎದೆ ತಡೆಯದೆ ಪ್ಯಾರಿಸ್‌ಗೆ ಹೋಗಿದ್ದರಂತೆ. ಆದರೆ ಟಿವಿ ಪ್ರಸಾರವನ್ನು ಫಿಲ್ಮ್‌ಗೆ ಇಳಿಸಿ ಇಡಲು ಹೇಳಿದ್ದರು. ಆ ಡಬ್ಬಗಳು 2009ರಲ್ಲಿ ಅವರ ಮನೆಯ ನೆಲಮಾಳಿಗೆಯಲ್ಲಿ ಸಿಕ್ಕವು.

ಪೈರೇಟ್ಸ್‌ನ ಮೊದಲ ಕಪ್ಪು ಆಟಗಾರ ಯಾರು? ಎರಡು ಹೆಸರು ಕಾಣುತ್ತದಲ್ಲ?

ಜಗಳ ಇನ್ನೂ ಮುಗಿದಿಲ್ಲ. ಬಹಳ ಕಾಲ ಹೇಳುತ್ತಾ ಬಂದದ್ದು ಕರ್ಟ್ ರಾಬರ್ಟ್ಸ್ ಹೆಸರನ್ನು. 1954ರ ಏಪ್ರಿಲ್ 13ರಂದು ಸೆಕೆಂಡ್ ಬೇಸ್‌ನಲ್ಲಿ ಆಡಿದರು. ಮೊದಲ ಸಲ ಬ್ಯಾಟ್ ಹಿಡಿದಾಗಲೇ ಟ್ರಿಪಲ್. ಅದೂ ರಾಬಿನ್ ರಾಬರ್ಟ್ಸ್ ಅಂಥ ದೊಡ್ಡ ಪಿಚರ್ ವಿರುದ್ಧ. ಫೀಲ್ಡಿಂಗ್ ಚೆನ್ನಾಗಿತ್ತು, ಬ್ಯಾಟಿಂಗ್ ಕೈಹಿಡಿಯಲಿಲ್ಲ. ಮೂರು ಸೀಸನ್‌ನಲ್ಲಿ 171 ಪಂದ್ಯ, ಅಷ್ಟೇ. ಉಳಿದ ವರ್ಷಗಳು ಮೈನರ್ ಲೀಗ್‌ನಲ್ಲಿ ಕಳೆದವು. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಟೈರ್ ಬದಲಿಸುತ್ತಿದ್ದಾಗ ಇನ್ನೊಂದು ಕಾರು ಬಡಿದು ಸತ್ತರು. ಆಗ ಅವರಿಗೆ ನಲವತ್ತೇ ವರ್ಷ.

ಆದರೆ ಒಂದು ವರ್ಷ ಮೊದಲೇ, 1953ರಲ್ಲಿ, ಕಾರ್ಲೋಸ್ ಬೆರ್ನಿಯೆರ್ ಆಡಿದ್ದರು. ಪ್ಯೂರ್ಟೊ ರಿಕೋದವರು, ಕಪ್ಪು ಬಣ್ಣದವರು. ಆ ಕಾಲದ ಪತ್ರಿಕೆಗಳು ಅವರನ್ನು ಪ್ಯೂರ್ಟೊ ರಿಕೋದವರು ಅಂತ ಪಕ್ಕಕ್ಕೆ ಇಟ್ಟವು. ಒಂದೇ ಪಂದ್ಯದಲ್ಲಿ ಮೂರು ಟ್ರಿಪಲ್ ಹೊಡೆದವರು ಅವರು. 105 ಪಂದ್ಯ ಆಡಿಸಿ ಕಳಿಸಿಬಿಟ್ಟರು. ಮುಂದಿನ ವರ್ಷ ಹಾಲಿವುಡ್ ಸ್ಟಾರ್ಸ್ ತಂಡದಲ್ಲಿದ್ದಾಗ ಅಂಪೈರ್‌ಗೆ ಕಪಾಳಕ್ಕೆ ಹೊಡೆದು ನಿಷೇಧಕ್ಕೂ ಒಳಗಾದರು. ಆಮೇಲೆ ಒಂದು ದಶಕ ಮೈನರ್ ಲೀಗ್‌ಗಳಲ್ಲಿ ಚೆನ್ನಾಗಿ ಆಡಿದರೂ ಮೇಲಿನ ಬಾಗಿಲು ಮತ್ತೆ ತೆರೆಯಲಿಲ್ಲ. ನನ್ನನ್ನು ಕೇಳಿದರೆ ಮೊದಲಿಗ ಬೆರ್ನಿಯೆರ್ ಅವರೇ. ರಾಬರ್ಟ್ಸ್ ಪಟ್ಟ ಪಾಡು ಅದರಿಂದ ಕಡಿಮೆಯಾಗುವುದಿಲ್ಲ.

1971ರ ಸೆಪ್ಟೆಂಬರ್ 1ರಂದು ಏನಾಯಿತು?

ಮ್ಯಾನೇಜರ್ ಡ್ಯಾನಿ ಮುರ್ಟಾ ಆವತ್ತು ಇಳಿಸಿದ ಒಂಬತ್ತೂ ಮಂದಿ ಕಪ್ಪು ಅಥವಾ ಲ್ಯಾಟಿನ್ ಮೂಲದ ಆಟಗಾರರು. ಮೇಜರ್ ಲೀಗ್‌ನಲ್ಲಿ ಅದೇ ಮೊದಲು. ಸ್ಟೆನೆಟ್, ಕ್ಲೈನ್ಸ್, ಕ್ಲೆಮೆಂಟೆ, ಸ್ಟಾರ್ಜೆಲ್, ಸ್ಯಾಂಗಿಯೆನ್, ಕ್ಯಾಶ್, ಆಲಿವರ್, ಹೆರ್ನಾಂಡೆಸ್, ಪಿಚರ್ ಡಾಕ್ ಎಲ್ಲಿಸ್. ಫಿಲಡೆಲ್ಫಿಯಾ ವಿರುದ್ಧ 10-7 ಗೆಲುವು. ಪಿಟ್ಸ್‌ಬರ್ಗ್‌ನ ಪತ್ರಿಕೆಗಳು ಆಗ ಮುಷ್ಕರದಲ್ಲಿದ್ದವು. ಹಾಗಾಗಿ ಊರಿನ ಪೇಪರ್‌ನಲ್ಲಿ ಮಾರನೇ ದಿನ ಸುದ್ದಿಯೇ ಇಲ್ಲ.

ಈ ಒಂಬತ್ತರಲ್ಲಿ ಕಡಿಮೆ ಗೊತ್ತಿರುವವರು ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ಕಾಯುವವನು) ಜ್ಯಾಕಿ ಹೆರ್ನಾಂಡೆಸ್. ಕ್ಯೂಬಾದವರು. ಬ್ಯಾಟಿಂಗ್ ಸಾಧಾರಣ. ಆದರೆ ಆ ವರ್ಷದ ವರ್ಲ್ಡ್ ಸೀರೀಸ್‌ನ ಕೊನೆಯ ಚೆಂಡು ಅವರ ಕೈಗೇ ಬಂತು. ಹಿಡಿದು ಮೊದಲ ಬೇಸ್‌ಗೆ ಎಸೆದರು. ಪೈರೇಟ್ಸ್ ಚಾಂಪಿಯನ್.

ಒಂದೇ ಪಂದ್ಯದಲ್ಲಿ ಏಳಕ್ಕೆ ಏಳು ಹಿಟ್ ಹೊಡೆದವರು?

ರೆನಿ ಸ್ಟೆನೆಟ್, ಪನಾಮಾದವರು. 1975ರ ಸೆಪ್ಟೆಂಬರ್ 16, ಶಿಕಾಗೋದ ರಿಗ್ಲಿ ಫೀಲ್ಡ್. ಪೈರೇಟ್ಸ್ 22-0ರಿಂದ ಗೆದ್ದಿತು. ಏಳನೇ ಹಿಟ್ ಆದ ಮೇಲೆ ಅವರ ಬದಲು ಓಡಲು ಬಂದ ಹುಡುಗ ವಿಲ್ಲಿ ರ‍್ಯಾಂಡಾಲ್ಫ್. ಮುಂದೆ ಯಾಂಕೀಸ್‌ನಲ್ಲಿ ದೊಡ್ಡ ಹೆಸರು ಮಾಡಿದವರು.

ಸ್ಟೆನೆಟ್‌ಗೆ ಅದೃಷ್ಟ ಅಷ್ಟಕ್ಕೇ ನಿಂತಿತು. 1977ರಲ್ಲಿ .336 ಸರಾಸರಿ (ಸಾವಿರ ಸರದಿಗೆ 336 ಹಿಟ್‌ನ ಲೆಕ್ಕ) ಇದ್ದಾಗ ಆಗಸ್ಟ್‌ನಲ್ಲಿ ಸೆಕೆಂಡ್ ಬೇಸ್‌ಗೆ ಜಾರುವಾಗ ಕಾಲು ಮುರಿಯಿತು. ಬ್ಯಾಟಿಂಗ್ ಪ್ರಶಸ್ತಿ .338 ಇದ್ದ ಸಹ ಆಟಗಾರ ಡೇವ್ ಪಾರ್ಕರ್‌ಗೆ ಹೋಯಿತು. ಸ್ಟೆನೆಟ್ ಮತ್ತೆ ಮೊದಲಿನಂತೆ ಆಡಲಿಲ್ಲ. ಆದರೂ ಸ್ಯಾನ್ ಫ್ರಾನ್ಸಿಸ್ಕೋ 1980ಕ್ಕೆ ಐದು ವರ್ಷಕ್ಕೆ 30 ಲಕ್ಷ ಡಾಲರ್ ಕೊಟ್ಟು ಕರೆಸಿಕೊಂಡಿತು. ಎರಡೇ ವರ್ಷದಲ್ಲಿ ಸಾಕು ಅಂತ ಬಿಟ್ಟಿತು. ದುಡ್ಡು ಮಾತ್ರ ಪೂರ್ತಿ ಬಂತು.

‘ಸ್ಟೀವ್ ಬ್ಲಾಸ್ ಕಾಯಿಲೆ’ ಅಂದರೆ ಏನು?

ಒಬ್ಬ ಒಳ್ಳೆಯ ಪಿಚರ್‌ಗೆ ಇದ್ದಕ್ಕಿದ್ದಂತೆ ಗುರಿಗೆ ಎಸೆಯಲು ಬಾರದೆ ಹೋಗುವುದು. ಕೈಗೆ ಗಾಯ ಇಲ್ಲ, ವಯಸ್ಸು ಆಗಿಲ್ಲ, ಕಾರಣ ತಿಳಿಯುವುದಿಲ್ಲ.

1971ರ ವರ್ಲ್ಡ್ ಸೀರೀಸ್‌ನಲ್ಲಿ ಬಾಲ್ಟಿಮೋರ್ ವಿರುದ್ಧ ಪೈರೇಟ್ಸ್ ಪಿಚರ್ ಬ್ಲಾಸ್ ಎರಡು ಪಂದ್ಯವನ್ನು ಪೂರ್ತಿ ತಾವೇ ಎಸೆದು ಗೆಲ್ಲಿಸಿದರು. ಎರಡನೆಯದು ಏಳನೇ ಪಂದ್ಯ, 2-1. 1972ರಲ್ಲಿ 19 ಗೆಲುವು, ಎಂಟೇ ಸೋಲು. ಆ ವರ್ಷ ಸುಮಾರು 250 ಇನ್ನಿಂಗ್ಸ್ ಎಸೆದು 84 ವಾಕ್ ಕೊಟ್ಟರು. 1973ರಲ್ಲೂ 84 ವಾಕ್ ಕೊಟ್ಟರು. ಆದರೆ ಎಸೆದದ್ದು 89 ಇನ್ನಿಂಗ್ಸ್ ಕೂಡ ಇಲ್ಲ. ಇಡೀ ವರ್ಷಕ್ಕೆ ಮೂರು ಗೆಲುವು.

ನಡುವೆ ಒಂದು ಸಾವು ಆಗಿತ್ತು. 1972ರ ಡಿಸೆಂಬರ್ 31ರ ರಾತ್ರಿ ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ಕ್ಲೆಮೆಂಟೆ ತೀರಿಕೊಂಡಿದ್ದರು. ಆ ಆಘಾತವೇ ಕಾರಣ ಅಂತ ಹಲವರು ಹೇಳುತ್ತಾರೆ. ಹಾಗೆ ಹೇಳುವುದು ಸುಲಭ. ಆದರೆ ಆ ತಂಡದಲ್ಲಿ ಆಘಾತ ಆಗದವರು ಯಾರಿದ್ದರು? ಉಳಿದ ಪಿಚರ್‌ಗಳು ಎಸೆಯುತ್ತಲೇ ಇದ್ದರು. ಬ್ಲಾಸ್ ಎಲ್ಲ ಪ್ರಯೋಗ ಮಾಡಿದರು. ಯಾರೂ ನೋಡದ ಅಭ್ಯಾಸದಲ್ಲಿ ಚೆಂಡು ಸರಿಯಾಗಿ ಹೋಗುತ್ತಿತ್ತು. ಪಂದ್ಯ ಶುರುವಾದರೆ ಬ್ಯಾಟರ್ ಬೆನ್ನ ಹಿಂದೆ ಹೋಗುತ್ತಿತ್ತು. 1974ರಲ್ಲಿ ಮೇಲಿನ ಹಂತದಲ್ಲಿ ಆಡಿದ್ದು ಒಂದೇ ಪಂದ್ಯ: ಐದು ಇನ್ನಿಂಗ್ಸ್, ಏಳು ವಾಕ್. 1975ರಲ್ಲಿ ಆಟ ಬಿಟ್ಟರು. ಆಗ ಅವರಿಗೆ 33 ವರ್ಷವೂ ತುಂಬಿರಲಿಲ್ಲ.

ಆಮೇಲೆ ಶಾಲೆ ಮುಗಿಸುವ ಮಕ್ಕಳು ಹಾಕಿಕೊಳ್ಳುವ ಉಂಗುರಗಳನ್ನು ಮಾರುವ ಕೆಲಸ ಮಾಡಿದರು. 1983ರಲ್ಲಿ ವೀಕ್ಷಕ ವಿವರಣೆಗೆ ಬಂದರು. 2019ರವರೆಗೂ ಪಿಟ್ಸ್‌ಬರ್ಗ್‌ನ ಟಿವಿ, ರೇಡಿಯೊದಲ್ಲಿ ಅವರ ದನಿ. ತಮ್ಮ ಕಾಯಿಲೆಯ ಬಗ್ಗೆ ತಾವೇ ಜೋಕ್ ಮಾಡುತ್ತಿದ್ದರು. ಬೇರೆ ಪಿಚರ್‌ಗಳು ಹೀಗಾದಾಗ ಜನ ಅವರ ಹೆಸರನ್ನೇ ಎತ್ತುತ್ತಾರೆ. ಅದನ್ನು ನಲವತ್ತು ವರ್ಷ ನಗುತ್ತಾ ಕೇಳಿಸಿಕೊಳ್ಳುವುದು ಸಣ್ಣ ಮಾತಲ್ಲ.

ಮ್ಯಾನೇಜರ್‌ಗಾಗಿ ಆಟಗಾರನನ್ನು ಮಾರಿದ್ದು ನಿಜವಾ?

ನಿಜ. 1976ರ ನವೆಂಬರ್‌ನಲ್ಲಿ ಕ್ಯಾಚರ್ ಮ್ಯಾನಿ ಸ್ಯಾಂಗಿಯೆನ್ ಅವರನ್ನು ಒಂದು ಲಕ್ಷ ಡಾಲರ್ ಜೊತೆ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ತಂಡಕ್ಕೆ ಕೊಟ್ಟು, ಅಲ್ಲಿಂದ ಮ್ಯಾನೇಜರ್ ಚಕ್ ಟ್ಯಾನರ್ ಅವರನ್ನು ತಂದರು. ಒಂದು ವರ್ಷ ಆದ ಮೇಲೆ ಸ್ಯಾಂಗಿಯೆನ್ ವಾಪಸು ಬಂದರು. 1979ರ ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯದಲ್ಲಿ ಬದಲಿ ಬ್ಯಾಟರ್ ಆಗಿ ಬಂದು ಗೆಲುವಿನ ರನ್ ತಂದುಕೊಟ್ಟರು. ಅಂದರೆ ಪೈರೇಟ್ಸ್‌ಗೆ ಮ್ಯಾನೇಜರೂ ಸಿಕ್ಕಿದ, ಆಟಗಾರನೂ ಸಿಕ್ಕಿದ. ಒಳ್ಳೆ ವ್ಯಾಪಾರ!

ಆದರೆ ಪಿಟ್ಸ್‌ಬರ್ಗ್‌ನವರು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ. ಕ್ಲೆಮೆಂಟೆ ಅವರ ಆಪ್ತ ಗೆಳೆಯ. ಪ್ಯೂರ್ಟೊ ರಿಕೋದಲ್ಲಿ ಇಡೀ ತಂಡ ಶ್ರದ್ಧಾಂಜಲಿ ಸಭೆಯಲ್ಲಿ ಕೂತಿದ್ದಾಗ ಸ್ಯಾಂಗಿಯೆನ್ ಅಲ್ಲಿರಲಿಲ್ಲ. ಮುಳುಗುಗಾರರ ಜೊತೆ ಸಮುದ್ರದಲ್ಲಿ ಗೆಳೆಯನ ದೇಹ ಹುಡುಕುತ್ತಿದ್ದರು. ಅದು ಕೊನೆಗೂ ಸಿಗಲಿಲ್ಲ. ಆಟ ಬಿಟ್ಟ ಮೇಲೆ ಪೈರೇಟ್ಸ್‌ನ ಈಗಿನ ಪಿಎನ್‌ಸಿ ಪಾರ್ಕ್ ಮೈದಾನದಲ್ಲಿ ಅವರ ಹೆಸರಿನ ಬಾರ್ಬೆಕ್ಯೂ ಅಂಗಡಿ ಬಂತು. ಕುರ್ಚಿ ಹಾಕಿಕೊಂಡು ಕೂತು ಅಭಿಮಾನಿಗಳಿಗೆ ಸಹಿ ಹಾಕುತ್ತಿದ್ದರು.

ಆಟಗಾರರು ಚಳಿಗಾಲದಲ್ಲಿ ಬೇರೆ ಕೆಲಸ ಮಾಡುತ್ತಿದ್ದರಾ?

ಹೌದು. 1967ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರ್. ತಂಡ ಬಿಟ್ಟು ಹೋಗುವ ಸ್ವಾತಂತ್ರ್ಯವೂ ಇರಲಿಲ್ಲ. ಅದು ಬಂದದ್ದು 1975ರ ಕೊನೆಗೆ ಬಂದ ಒಂದು ತೀರ್ಪಿನ ನಂತರ. ಹಾಗಾಗಿ ಸೀಸನ್ ಮುಗಿದರೆ ಎಲ್ಲರೂ ಏನಾದರೂ ಮಾಡಬೇಕಿತ್ತು.

ಥರ್ಡ್ ಬೇಸ್ ಆಟಗಾರ ರಿಚಿ ಹೆಬ್ನರ್ ಮ್ಯಾಸಚೂಸೆಟ್ಸ್‌ನಲ್ಲಿ ಗೋರಿ ತೋಡುತ್ತಿದ್ದರು. ಅವರ ತಂದೆ ಸ್ಮಶಾನದ ಮೇಲ್ವಿಚಾರಕ, ಮನೆಯವರೆಲ್ಲ ಅದೇ ಕೆಲಸ. 1971ರಲ್ಲಿ ಚಾಂಪಿಯನ್ ಆದ ಮೇಲೂ ಹೆಬ್ನರ್ ಸಲಿಕೆ ಬಿಡಲಿಲ್ಲ.

ರಿಲೀಫ್ ಪಿಚರ್ (ಪಂದ್ಯದ ನಡುವೆ ಬದಲಿಗೆ ಬರುವ ಪಿಚರ್) ಎಲ್‌ರಾಯ್ ಫೇಸ್ ಬಡಗಿ. 1959ರಲ್ಲಿ 18 ಗೆಲುವು, ಒಂದೇ ಸೋಲು. ಈ ಸರಾಸರಿಯನ್ನು ಇನ್ನೂ ಯಾರೂ ಮೀರಿಲ್ಲ. (ಕೆಲವು ಸಲ ಅವರೇ ರನ್ ಬಿಟ್ಟುಕೊಟ್ಟು, ಆಮೇಲೆ ತಂಡ ಗೆದ್ದು, ಗೆಲುವು ಅವರ ಖಾತೆಗೆ ಹೋಗುತ್ತಿತ್ತು ಅನ್ನುವುದನ್ನೂ ಹೇಳಬೇಕು.) 1960ರ ವರ್ಲ್ಡ್ ಸೀರೀಸ್‌ನಲ್ಲಿ ಮೂರು ಪಂದ್ಯಗಳ ಕೊನೆ ಕಾಯ್ದವರು. ನಿವೃತ್ತಿಯ ಮೇಲೆ ಮತ್ತೆ ಮರಗೆಲಸಕ್ಕೆ ಹೋದರು.

ಡಾಕ್ ಎಲ್ಲಿಸ್ ನಶೆಯಲ್ಲಿ ಎಸೆದರು ಅನ್ನುತ್ತಾರೆ...

1970ರ ಜೂನ್ 12ರಂದು ಸ್ಯಾನ್ ಡಿಯಾಗೋದಲ್ಲಿ ಒಂದೂ ಹಿಟ್ ಕೊಡದೆ 2-0 ಗೆದ್ದರು. ಎಂಟು ವಾಕ್ ಕೊಟ್ಟಿದ್ದರು. ಆವತ್ತು ಎಲ್‌ಎಸ್‌ಡಿ ತೆಗೆದುಕೊಂಡಿದ್ದೆ ಅಂತ ಆಮೇಲೆ ಅವರೇ ಹೇಳಿದರು. ಜನ ಇದನ್ನು ತಮಾಷೆಯಾಗಿ ಹೇಳುತ್ತಾರೆ. ಎಲ್ಲಿಸ್‌ಗೆ ಅದು ತಮಾಷೆ ಆಗಿರಲಿಲ್ಲ. ಆಟ ಬಿಟ್ಟ ಮೇಲೆ ನಶೆ ಬಿಟ್ಟು, ಬೇರೆಯವರಿಗೆ ಬಿಡಿಸುವ ಸಲಹೆಗಾರರಾಗಿ ದುಡಿದರು. ಜೈಲಿನಲ್ಲಿದ್ದವರ ಜೊತೆಗೂ ಕೆಲಸ ಮಾಡಿದರು. 2008ರಲ್ಲಿ ತೀರಿಕೊಂಡರು.

ಪಂದ್ಯ ಸೋತಿದ್ದಕ್ಕೆ ಊರಿಗೆ ನಡೆದು ಬಂದವರು ಯಾರು?

ಜಿಮ್ ರೂಕರ್. 1979ರ ಚಾಂಪಿಯನ್ ತಂಡದ ಪಿಚರ್, ಆಮೇಲೆ ವೀಕ್ಷಕ ವಿವರಣೆಗಾರ. 1989ರ ಜೂನ್ 8ರಂದು ಫಿಲಡೆಲ್ಫಿಯಾದಲ್ಲಿ ಪೈರೇಟ್ಸ್ ಮೊದಲ ಇನ್ನಿಂಗ್ಸ್‌ನಲ್ಲೇ ಹತ್ತು ರನ್ ಮಾಡಿತು. ಇದನ್ನು ಸೋತರೆ ನಾನು ಪಿಟ್ಸ್‌ಬರ್ಗ್‌ಗೆ ನಡೆದುಕೊಂಡು ಹೋಗುತ್ತೇನೆ ಅಂತ ರೂಕರ್ ಪ್ರಸಾರದಲ್ಲೇ ಹೇಳಿಬಿಟ್ಟರು. ಪೈರೇಟ್ಸ್ 15-11ರಿಂದ ಸೋತಿತು! ಕೇಳುಗರು ಬಿಡುತ್ತಾರಾ? ಸೀಸನ್ ಮುಗಿದ ಮೇಲೆ ರೂಕರ್ ನಿಜಕ್ಕೂ ನಡೆದರು. ಸುಮಾರು 500 ಕಿಲೋಮೀಟರ್. ದಾರಿಯುದ್ದಕ್ಕೂ ದೇಣಿಗೆ ಕೂಡಿಸಿ ಮಕ್ಕಳ ಆಸ್ಪತ್ರೆ ಮತ್ತು ಇತರ ಸೇವಾ ಕೆಲಸಗಳಿಗೆ ಕೊಟ್ಟರು.

ತ್ರೀ ರಿವರ್ಸ್ ಮೈದಾನದ ಕೊನೆಯ ಹೋಮ್ ರನ್ ಯಾರದ್ದು?

ಜಾನ್ ವೇನರ್, ಪಿಟ್ಸ್‌ಬರ್ಗ್‌ನವರೇ. 2000ದ ಅಕ್ಟೋಬರ್ 1. ಇಡೀ ಮೇಜರ್ ಲೀಗ್ ವೃತ್ತಿಯಲ್ಲಿ ಅವರು ಹೊಡೆದದ್ದು ನಾಲ್ಕೇ ಹೋಮ್ ರನ್. ಅದರಲ್ಲಿ ಒಂದು ಇದು.

ಆಫ್ರಿಕಾದ ಮೊದಲ ಆಟಗಾರ ಪೈರೇಟ್ಸ್‌ನವರೇನಾ?

ಹೌದು, ಗಿಫ್ಟ್ ಎನ್ಗೋಪೆ. ದಕ್ಷಿಣ ಆಫ್ರಿಕಾದವರು. ಅವರ ತಾಯಿ ಜೋಹಾನೆಸ್‌ಬರ್ಗ್ ಹತ್ತಿರದ ರಾಂಡ್‌ಬರ್ಗ್‌ನ ಬೇಸ್‌ಬಾಲ್ ಕ್ಲಬ್‌ನಲ್ಲಿ ಕೆಲಸಕ್ಕಿದ್ದರು. ಕ್ಲಬ್ ಕಟ್ಟಡದ ಒಂದು ಕೋಣೆಯೇ ಅವರ ಮನೆ. ಬಾಗಿಲು ತೆಗೆದರೆ ಮೈದಾನ. 2008ರಲ್ಲಿ ಪೈರೇಟ್ಸ್ ಸಹಿ ಹಾಕಿಸಿಕೊಂಡಿತು, ರಿಂಕು ದಿನೇಶ್ ಬಂದ ವರ್ಷವೇ. 2017ರ ಏಪ್ರಿಲ್ 26ರಂದು ಮೇಲಿನ ಹಂತದಲ್ಲಿ ಇಳಿದು, ಮೊದಲ ಸರದಿಯಲ್ಲೇ ಶಿಕಾಗೋದ ಜಾನ್ ಲೆಸ್ಟರ್ ವಿರುದ್ಧ ಹಿಟ್ ಹೊಡೆದರು. ಅದನ್ನು ನೋಡಲು ತಾಯಿ ಇರಲಿಲ್ಲ. 2013ರಲ್ಲೇ ತೀರಿಕೊಂಡಿದ್ದರು. ಪೈರೇಟ್ಸ್‌ಗೆ 28 ಪಂದ್ಯ ಆಡಿ, ಮುಂದಿನ ವರ್ಷ ಟೊರಾಂಟೊದಲ್ಲಿ ಸ್ವಲ್ಪ ಆಡಿದರು.

ಎರಡು ದಿನ ಮೊದಲು ಅದೇ ತಂಡದಲ್ಲಿ ಡೋವಿಡಾಸ್ ನೆವೆರೌಸ್ಕಸ್ ಇಳಿದಿದ್ದರು. ಲಿಥುವೇನಿಯಾದಲ್ಲಿ ಹುಟ್ಟಿ ಬೆಳೆದು ಮೇಜರ್ ಲೀಗ್ ಆಡಿದವರಲ್ಲಿ ಅವರೇ ಮೊದಲು.

13 ವರ್ಷ ಕಾದ ಆಟಗಾರನ ವಿಡಿಯೊ ನೋಡಿದೆ. ಅವರು ಯಾರು?

ಡ್ರೂ ಮ್ಯಾಗಿ. 2010ರಲ್ಲಿ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವಾಗ ಪೈರೇಟ್ಸ್ 15ನೇ ಸುತ್ತಿನಲ್ಲಿ ಇವರನ್ನು ಆರಿಸಿತ್ತು. ಆಮೇಲೆ ಬೇರೆ ಬೇರೆ ತಂಡಗಳ ಮೈನರ್ ಲೀಗ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಪಂದ್ಯ. 2021ರಲ್ಲಿ ಮಿನೆಸೋಟ ತಂಡ ಮೇಲಕ್ಕೆ ಕರೆದು, ಬೆಂಚಿನ ಮೇಲೆ ಕೂರಿಸಿ, ಆಡಿಸದೆ ವಾಪಸು ಕಳಿಸಿತು. ಅದು ಕರೆಯದೇ ಇರುವುದಕ್ಕಿಂತ ಕೆಟ್ಟದ್ದು.

2023ರ ಏಪ್ರಿಲ್‌ನಲ್ಲಿ ಬ್ರಯನ್ ರೆನಾಲ್ಡ್ಸ್ ಮನೆಯಲ್ಲಿ ಸಾವಾಗಿ ರಜೆ ಹೋದಾಗ ಆ ಜಾಗಕ್ಕೆ 33 ವರ್ಷದ ಮ್ಯಾಗಿ ಬಂದರು. 26ರಂದು ಬದಲಿ ಬ್ಯಾಟರ್ ಆಗಿ ಪಿಎನ್‌ಸಿ ಪಾರ್ಕ್‌ನಲ್ಲಿ ಇಳಿದಾಗ ಇಡೀ ಮೈದಾನ ಎದ್ದು ನಿಂತಿತು. ಔಟ್ ಆದರು. ಮೂರು ದಿನ ಬಿಟ್ಟು ವಾಷಿಂಗ್ಟನ್‌ನಲ್ಲಿ ಮೊದಲ ಹಿಟ್ ಬಂತು. ಬೆರಳೆಣಿಕೆಯ ಪಂದ್ಯ ಆಡಿ ಮತ್ತೆ ಕೆಳಗೆ ಹೋದರು.

ಇಷ್ಟು ಕಡಿಮೆ ಆಡಿದವರಿಗೆ ಪಿಂಚಣಿ ಸಿಗುತ್ತದಾ?

ಯಾವ ಕಾಲದಲ್ಲಿ ಆಡಿದರು ಅನ್ನುವುದರ ಮೇಲೆ. 1980ರ ನಂತರದವರಿಗೆ 43 ದಿನ ಮೇಜರ್ ಲೀಗ್ ಪಟ್ಟಿಯಲ್ಲಿದ್ದರೆ ಸಾಕು. ಅದಕ್ಕೆ ಮೊದಲು ನಾಲ್ಕು ವರ್ಷ ಬೇಕಿತ್ತು. ಹೊಸ ನಿಯಮ ಹಳಬರಿಗೆ ಅನ್ವಯವಾಗಲಿಲ್ಲ. ನೂರಾರು ಮಂದಿ ಹೊರಗುಳಿದರು. 2011ರಲ್ಲಿ ಇವರಿಗೆ ವರ್ಷಕ್ಕೆ ಗರಿಷ್ಠ 10,000 ಡಾಲರ್ ಕೊಡುವ ಏರ್ಪಾಡು ಆಯಿತು. ಆದರೆ ಅದು ಪಿಂಚಣಿ ಅಲ್ಲ. ಆಟಗಾರ ತೀರಿಕೊಂಡರೆ ಹೆಂಡತಿಗೆ ಬರುವುದಿಲ್ಲ. ಈ ಲೀಗ್‌ನ ಆದಾಯ ನೋಡಿದರೆ ಇದು ಜುಗ್ಗತನ ಅಂತಲೇ ಹೇಳಬೇಕು.

ಪಿಟ್ಸ್‌ಬರ್ಗ್‌ಗೆ ಹೋದರೆ ಇವರ ಗುರುತು ಎಲ್ಲಾದರೂ ನೋಡಬಹುದಾ?

ಕಾರ್ನೆಗಿ ಮೆಲನ್‌ನಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ಇದು ನಡೆದು ಹೋಗುವಷ್ಟು ಹತ್ತಿರ. ಓಕ್‌ಲ್ಯಾಂಡ್ ಬಡಾವಣೆಯಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ನಡುವೆ ಫೋರ್ಬ್ಸ್ ಫೀಲ್ಡ್‌ನ ಇಟ್ಟಿಗೆ ಗೋಡೆಯ ಒಂದು ಭಾಗ ಉಳಿದಿದೆ. ಪೋಸ್ವಾರ್ ಹಾಲ್ ಕಟ್ಟಡದ ನೆಲದಲ್ಲಿ ಗಾಜಿನ ಕೆಳಗೆ ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲುವಲ್ಲಿನ ಬೇಸ್) ಇದೆ. ಪ್ರತಿ ವರ್ಷ ಅಕ್ಟೋಬರ್ 13ರಂದು ಅಭಿಮಾನಿಗಳು ಗೋಡೆಯ ಹತ್ತಿರ ಸೇರಿ 1960ರ ರೇಡಿಯೊ ಪ್ರಸಾರವನ್ನು ಮೊದಲಿಂದ ಹಾಕಿ ಕೇಳುತ್ತಾರೆ. ಮ್ಯಾಜರೋಸ್ಕಿ ಹೊಡೆತ ಆವತ್ತು ಬಿದ್ದ ಹೊತ್ತಿಗೇ, ಮಧ್ಯಾಹ್ನ 3.36ಕ್ಕೆ ಬರುವಂತೆ ಹೊಂದಿಸಿರುತ್ತಾರೆ. ಕೆಲವರು ಅದಕ್ಕೆ ಸರಿಯಾಗಿ ಬಂದು ಹೋಗುತ್ತಾರೆ. ಹಾಲ್ ಸ್ಮಿತ್ ಸರದಿ ಅದಕ್ಕಿಂತ ಸ್ವಲ್ಪ ಮೊದಲು. ಮೂರು ಗಂಟೆಯ ಒಳಗೆ ಹೋಗಿ. ಟಿಕೆಟ್ ಏನೂ ಇಲ್ಲ.